ವಾರ್ಡಿನ ಕನ್ನಡಕ್ಕೊಂದು ಮೊದಲ ವಾಕ್ಯ

ಪುಣೆಯ ಆಸ್ಪತ್ರೆಯೊಂದರ ಹಿಂಬದಿಯಲ್ಲಿ, ಒಗೆದ ಚಾದರಗಳನ್ನು ಮಡಚಿಡುವ ಜಾಗದ ಪಕ್ಕದಲ್ಲೊಂದು ಉದ್ದನೆಯ ಕೋಣೆ. ಕನ್ನಡ ಪಾಠ ಶುರುವಾದ ದಿನ ಅಲ್ಲಿದ್ದವರೆಂದರೆ, ಗೋಡೆಗಾತು ಕೂತ ಹತ್ತು ಹನ್ನೆರಡು ಸಿಸ್ಟರ್‌ಗಳು, ಅವರ ಮುಂದೆ ಸೀಮೆಸುಣ್ಣ ಹಿಡಿದು ನಿಂತ ನಾನು, ಮತ್ತು ಬಾಗಿಲಲ್ಲಿ ಒಳಗೂ ಬಾರದೆ ಹೊರಗೂ ಹೋಗದೆ ನಿಂತಿದ್ದ ಮೇಟ್ರನ್ ಶೈಲಾತಾಯಿ. ಊರಿನ ಆಚೆ ತುದಿಯ ಖಡಕಿಯಿಂದ ಸ್ಕೂಟರಿನಲ್ಲಿ ಬಂದಿದ್ದ ವೈಶಾಲಿ ಎಂಬ ಹುಡುಗಿ ತನ್ನ ಒದ್ದೆ ರೇನ್‌ಕೋಟನ್ನು ಕಿಟಕಿಯ ಸರಳಿಗೆ ನೇತುಹಾಕುತ್ತಿದ್ದಳು. ಕನ್ನಡ ಬಲ್ಲವಳು ನಾನೊಬ್ಬಳೇ. ಉಳಿದವರಲ್ಲಿ ಮರಾಠಿಯವರು ಹೆಚ್ಚು, ಮಲಯಾಳಿಗಳು ಇಬ್ಬರೋ ಮೂವರೋ. ಏನು ಕಾಯಿಲೆಯೆಂದು ಇನ್ನೂ ಗೊತ್ತಾಗದ ರೋಗಿಯನ್ನು ನೋಡುವ ಹಾಗೆ ಎಲ್ಲರೂ ನನ್ನನ್ನು ನೋಡುತ್ತಿದ್ದರು.

ಮೊನ್ನೆ ನಮ್ಮ ಯಜಮಾನರ ಕಣ್ಣು ತೋರಿಸಲು ಅದೇ ಆಸ್ಪತ್ರೆಗೆ ಹೋಗಿದ್ದೆ. ಫಿನಾಯಿಲ್ ವಾಸನೆ, ಅದರೊಳಗೆ ಒದ್ದೆ ರೇನ್‌ಕೋಟಿನ ವಾಸನೆ, ಯಾರೋ ಎಲ್ಲೋ ಬಿಚ್ಚಿದ ಶೇಂಗಾ ಚಟ್ನಿಯ ಘಾಟು. ಮೂರೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಕೆಲವು ವರ್ಷಗಳ ಹಿಂದಿನ ಆ ಆಷಾಢ ಕಣ್ಣೆದುರು ಬಂದು ನಿಂತಿತು.

ನಾನು ಮದುವೆಯಾಗಿ ಇಂಡಿ ತಾಲೂಕಿನಿಂದ ಪುಣೆಗೆ ಬಂದು ಸದಾಶಿವ ಪೇಠದಲ್ಲಿ ಸಂಸಾರ ಹೂಡಿದವಳು. ಶಾಲೆಯಲ್ಲಿ ಕಲಿಸಿದ ಅನುಭವ ಇಲ್ಲ. ನನ್ನ ಕನ್ನಡವೆಲ್ಲ ಅಜ್ಜಿ, ದೊಡ್ಡಪ್ಪ, ಪಡಸಾಲೆಯಲ್ಲಿ ಕೂತು ಹರಟುತ್ತಿದ್ದ ಹಿರಿಯರ ಬಾಯಿಂದ ಕೇಳಿ ಕೂಡಿಸಿಕೊಂಡದ್ದು. ಯಜಮಾನರಿಗೆ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಂಗಡಿ. ಜಮಖಂಡಿ, ಅಥಣಿ, ವಿಜಯಪುರದ ಕಡೆಯಿಂದ ಅಲ್ಲಿಗೆ ಲಾರಿಗಳು ಬರುತ್ತವೆ. ಲಾರಿಯ ಹಿಂದೆಯೇ ಊರಿನ ಕಾಯಿಲೆಗಳೂ ಬರುತ್ತವೆ. ಯಾರನ್ನಾದರೂ ಪುಣೆಯ ದೊಡ್ಡ ಆಸ್ಪತ್ರೆಗೆ ತಂದು ಹಾಕಿದರೆಂದರೆ ನಮ್ಮ ಮನೆಯ ಫೋನು ಹೊಡೆದುಕೊಳ್ಳುತ್ತಿತ್ತು: "ಅಕ್ಕಾರ, ಸ್ವಲ್ಪ ಬರ್ರಿ. ಡಾಕ್ಟರು ಏನೋ ಅನ್ನಾಕತ್ತಾರ, ನಮಗೊಂದೂ ತಿಳೀವಲ್ದು." ನಾನು ಕುಕ್ಕರಿನ ಒಲೆ ಆರಿಸಿ ರಿಕ್ಷಾ ಹತ್ತುತ್ತಿದ್ದೆ.

ಹೀಗೆ ಓಡಾಡುವುದನ್ನು ನೋಡಿ ನೋಡಿ ಶೈಲಾತಾಯಿ ಒಂದು ದಿನ ನನ್ನನ್ನು ತನ್ನ ಕೋಣೆಗೆ ಕರೆದು ಚಹಾ ತರಿಸಿದಳು. ಆಕೆ ಆಡುತ್ತಿದ್ದದ್ದು ಮರಾಠಿ. ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಅತ್ತಿಗೆ ಎಂಬರ್ಥದ ಆಕೆಯ 'ವಹಿನೀ'ಯನ್ನು ಮಾತ್ರ ಹಾಗೇ ಬಿಟ್ಟು. "ವಹಿನೀ, ಪ್ರತಿ ಸಲ ನೀವ್ಯಾಕೆ ಓಡಿ ಬರಬೇಕು? ನಮ್ಮ ಹುಡುಗಿಯರಿಗೇ ಕನ್ನಡ ಕಲಿಸಿಬಿಡಿ. ಮಳೆಗಾಲ ಮುಗಿಯುವುದರೊಳಗೆ ಅವರಿಗೆ ಬರಬೇಕು."

ನನಗೆ ಸಂತೋಷವೂ ಆಯಿತು, ಅನುಮಾನವೂ ಬಂತು. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಒಂದೊಂದು ಪೆಂಟೆಯನ್ನೂ ಒಡೆದು ಮೂಸಿ ನೋಡದೆ ಬೆಲ್ಲ ಕೊಳ್ಳದ ಮನುಷ್ಯ ಅವರು.

"ಕರದು ಚಹಾ ಕುಡಿಸ್ಯಾರ ಅಂದ್ರ ಏನೋ ಅದ ನೋಡು," ಅಂದರು. "ನಮ್ಮ ಮಂದಿ ತಮ್ಮೊಳಗ ಏನ ಮಾತಾಡ್ತಾರ ಅಂತ ಅವರಿಗೆ ತಿಳೀಬೇಕಾಗೇದ."

"ಎಲ್ಲಾದ್ರಾಗೂ ನಿಮಗ ಹುಳಾನ ಕಾಣ್ತದ," ಎಂದು ಬೈದೆನೇ ಹೊರತು, ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಕಲಿಸುವುದು ಹೇಗೆಂದು ಯೋಚಿಸುತ್ತ ಕೂತೆ. ಮೊದಲು ಹೊಳೆದದ್ದು ಅ ಆ ಇ ಈ. ಯಜಮಾನರು ನಕ್ಕರು: "ಸಿಸ್ಟರ್‌ಗಳಿಗೆ ಅಕ್ಷರ ಕಲಿಸಿ ಏನ್ ಮಾಡ್ತಿ? ಇಂಜೆಕ್ಷನ್ ಮ್ಯಾಲ ಕನ್ನಡದಾಗ ಹೆಸರು ಬರಸ್ತೀಯೇನು?" ಮಾತು ಸರಿಯೇ ಇತ್ತು. ಯಾರಿಗೆ, ಎಲ್ಲಿ, ಯಾವ ಹೊತ್ತಿನಲ್ಲಿ ಯಾವ ಮಾತು ಬೇಕು ಎಂದು ತಿಳಿಯದೆ ಪಾಠ ಕಟ್ಟಲು ಬರುವುದಿಲ್ಲ. ಒಂದು ವಾರ ವಾರ್ಡಿನಲ್ಲೇ ಸ್ಟೂಲು ಹಾಕಿಕೊಂಡು ಕೂತೆ.

ಕೂತ ಮೇಲೆ ಗೊತ್ತಾಯಿತು. ನಮ್ಮ ಮಂದಿಗೆ ಆ ಊರಲ್ಲಿ ಕನ್ನಡವೇ ಒಂದು ಪರದೆ. ಸಿಸ್ಟರ್ ಎದುರಿಗೇ ನಿಂತಿರುತ್ತಾಳೆ, ಇವರು ಮುಖದಲ್ಲಿ ನಗು ಇಟ್ಟುಕೊಂಡೇ ಏನು ಬೇಕಾದರೂ ಆಡುತ್ತಾರೆ. ಒಂದು ಮಧ್ಯಾಹ್ನ ಶೈಲಾತಾಯಿ ಸುತ್ತು ಬರುವಾಗ ಜತ್ತದ ಕಡೆಯ ಮುದುಕಿ ಸೊಸೆಗೆ ಹೇಳಿದಳು, "ಆ ಧಡೂತಿ ಬಂದ್ಲು, ಡಬ್ಬಿ ಮುಚ್ಚ ಲಗೂನ. ರೊಟ್ಟಿ ಕಂಡ್ಲಂದ್ರ ಮೈಮ್ಯಾಲೆ ಬರ್ತಾಳ."

ಶೈಲಾತಾಯಿ ನನ್ನತ್ತ ತಿರುಗಿದಳು. "ಏನಂದರು?"

"ನಿಮ್ಮ ಕೈಗುಣ ಒಳ್ಳೇದು ಅಂದರು," ಎಂದೆ.

ಆಕೆ ನನ್ನನ್ನು ಎಷ್ಟು ಹೊತ್ತು ನೋಡಬೇಕೋ ಅದಕ್ಕಿಂತ ತುಸು ಹೆಚ್ಚೇ ನೋಡಿ ಮುಂದಿನ ಮಂಚಕ್ಕೆ ಹೋದಳು.

ಪಾಠದ ಕ್ರಮ ಹಾಕಲು ಕೂತಾಗ ನಮ್ಮಿಬ್ಬರ ಜಗಳ ಶುರುವಾಯಿತು. ಆಕೆಯ ಹಟ, ಮೊದಲು ಕೇಳಿ ಅರ್ಥ ಮಾಡಿಕೊಳ್ಳುವುದನ್ನು ಕಲಿಸಬೇಕು, ಮಾತಾಡುವುದು ಆಮೇಲೆ. ನನ್ನ ಹಟ, ಮೊದಲು ನಾಲ್ಕು ಮರ್ಯಾದೆಯ ಮಾತು ಬಾಯಿಗೆ ಬರಬೇಕು.

"ಮಾತಾಡದೆ ಬರೀ ಕೇಳುವುದನ್ನು ಕಲಿತು ಏನು ಮಾಡುತ್ತಾರೆ?" ಎಂದೆ.

"ಕೆಲಸ ಮಾಡುತ್ತಾರೆ," ಎಂದಳು. "ಇವರು ಮಾತ್ರೆ ನುಂಗಿದೆವೆಂದು ನಮಗೆ ಹೇಳಿ ದಿಂಬಿನ ಕೆಳಗೆ ಇಡುತ್ತಾರೆ, ವಹಿನೀ. ನೀವು ನಿಮ್ಮವರ ಪರ. ನಿಮಗೆ ಕಾಣುವುದಿಲ್ಲ."

ಯಜಮಾನರ ಮಾತು ನೆನಪಾಯಿತು. ಕೊನೆಗೆ ನನ್ನ ಹಟವೇ ಗೆದ್ದಿತು, ಯಾಕೆಂದರೆ ಕನ್ನಡ ಇದ್ದದ್ದು ನನ್ನ ಬಾಯಲ್ಲಿ. ಮೊದಲ ಪಾಠಕ್ಕೆ ನಮ್ಮ ಕಡೆ ಯಾರೇ ಎದುರಾದರೂ ಮೊದಲು ಕೇಳುವ ಮಾತನ್ನೇ ಇಟ್ಟುಕೊಂಡೆ: "ಊಟ ಆತ್ರೀ?"

ಅದು ವಾರ್ಡಿನಲ್ಲಿ ಹಬ್ಬದ ಹಾಗೆ ಹರಡಿತು. ಬಿಳಿ ಬಟ್ಟೆಯ ಮಲಯಾಳಿ ಹುಡುಗಿ ಬಂದು "ಊಟ್ಟ ಆತ್ರೀ" ಎಂದರೆ ಮುದುಕರ ಮುಖ ಅರಳುತ್ತಿತ್ತು. "ಆತ್ರೀ ನಮ್ಮವ್ವಾ, ನಿಮ್ದು?" ಪಂಢರಪುರಕ್ಕೆ ಹೊರಟ ಪಾಲಖಿಗಳು, ಅಂದರೆ ಪಲ್ಲಕ್ಕಿಯ ಮೆರವಣಿಗೆಗಳು, ಊರಿಗೆ ಬಂದು ರಸ್ತೆಗಳೆಲ್ಲ ಮುಚ್ಚಿದ ದಿನವೂ ವೈಶಾಲಿ ಎಲ್ಲೋ ಸ್ಕೂಟರ್ ಬಿಟ್ಟು ಮಳೆಯಲ್ಲಿ ನಡೆದೇ ತರಗತಿಗೆ ಬಂದಳು. ಅವಳಷ್ಟು ಬೇಗ ಕಲಿತವರು ಇಲ್ಲ. ಅದೇ ನನಗೆ ಚುಚ್ಚತೊಡಗಿತು. ನಾನು ಕಲಿಸದ ಮಾತುಗಳೂ ಅವಳಿಗೆ ಬೇಕಾಗುತ್ತಿದ್ದವು. ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆದು ಕೇಳುತ್ತಿದ್ದಳು.

"ಕಾಕೂ, 'ಮುಚ್ಚ ಲಗೂನ' ಅಂದರೆ?"

"ಬೇಗ ಮುಚ್ಚು ಅಂತ. ಯಾಕೆ?"

"ಸುಮ್ಮನೆ. 'ಧಡೂತಿ' ಅಂದರೆ?"

ನಾನು ತಡವರಿಸಿದೆ. "ಗಟ್ಟಿಮುಟ್ಟಾದವರು ಅಂತ."

ಅವಳು ತಲೆ ಬಗ್ಗಿಸಿ ನಕ್ಕಳು. ತರಗತಿಯಲ್ಲಿ ಇಷ್ಟು ಚುರುಕಾದ ಹುಡುಗಿ ವಾರ್ಡಿಗೆ ಹೋದರೆ "ಊಟ ಆತ್ರೀ" ಒಂದನ್ನು ಬಿಟ್ಟು ಬೇರೆ ಕನ್ನಡವೇ ತಿಳಿಯದವಳ ಹಾಗೆ ಮುಖ ಮಾಡಿಕೊಂಡು ನಿಲ್ಲುತ್ತಿದ್ದಳು. ಎರಡು ಮೂರು ಸಲ ದೂರದಿಂದ ಗಮನಿಸಿದೆ. ಕಿವಿ ಮಾತ್ರ ಮಾತಾಡುವವರ ಕಡೆಗೇ ಇರುತ್ತಿತ್ತು. ಇವಳಿಗೆ ಹೀಗೆ ಮಾಡಲು ಯಾರೋ ಹೇಳಿದ್ದಾರೆ ಅನಿಸಿತು. ಕಲಿಸುವುದನ್ನೇ ನಿಲ್ಲಿಸಿಬಿಡಲೇ ಎಂದು ಯೋಚಿಸುತ್ತಿದ್ದ ದಿನಗಳಲ್ಲೇ ಶಿವಪ್ಪನವರು ಬಂದು ಭರ್ತಿಯಾದರು.

ಶಿವಪ್ಪನವರು ಇಂಡಿ ಹತ್ತಿರದ ಹಳ್ಳಿಯೊಂದರಲ್ಲಿ ಊರಿಗೆ ನೀರು ಬಿಡುವ ಕೆಲಸ ಮಾಡಿಕೊಂಡಿದ್ದವರು. ಹರ್ನಿಯಾ. ಒಮ್ಮೆ ಬಂದು, ರಕ್ತದೊತ್ತಡ ಜಾಸ್ತಿಯೆಂದು ಆಪರೇಶನ್ ಆಗದೆ ವಾಪಸು ಹೋಗಿದ್ದರು. ಈಗ ಮಾತ್ರೆಯಿಂದ ಒತ್ತಡ ಹಿಡಿತಕ್ಕೆ ಬಂದಿತ್ತು. ಇನ್ನು ತಡ ಮಾಡಿದರೆ ಕರುಳು ಸಿಕ್ಕಿಕೊಂಡು ಕಷ್ಟವಾದೀತೆಂದು ಡಾಕ್ಟರು ಎಚ್ಚರಿಸಿದ್ದರು. ಜೊತೆಗೆ ಮಗಳು ಗೌರವ್ವ. ಬಾಯಿ ಜೋರು, ಅಪ್ಪನ ಮೇಲೆ ಜೀವ.

ಆಪರೇಶನ್ನಿನ ದಿನ ಬೆಳಿಗ್ಗೆ ನಾನಿನ್ನೂ ಪೂಜೆಯಲ್ಲಿದ್ದೆ. ಗೌರವ್ವನ ಫೋನು.

"ಅಕ್ಕಾರ, ಲಗೂನ ಬರ್ರಿ! ಅಪ್ಪಾಂದು ಆಪರೇಶನ್ ರದ್ದ ಮಾಡ್ಯಾರ. ಸುಳ್ಳ ಸುಳ್ಳ ಉಂಡಾರ ಅಂತ ಬರಕೊಂಡಾರ. ಇವರಿಗೆ ನಮ್ಮನ್ನ ಇನ್ನಾ ನಾಕ ದಿನ ಇಟ್ಕೊಳ್ಳೂದೈತಿ, ಮತ್ತೇನಲ್ಲ!"

ಹೋಗಿ ನೋಡಿದರೆ ಶಿವಪ್ಪನವರು ಹಸಿರು ಗೌನು ತೊಟ್ಟು, ಅತಿಥಿಯಾಗಿ ಬಂದು ಯಾರದೋ ಜಗಳದಲ್ಲಿ ಸಿಕ್ಕಿಬಿದ್ದವರ ಹಾಗೆ ಮಂಚದ ಮೇಲೆ ಕೂತಿದ್ದರು. ವೈಶಾಲಿಯ ಕಣ್ಣು ಕೆಂಪಾಗಿತ್ತು. ಆದದ್ದಿಷ್ಟು: ಬೆಳಿಗ್ಗೆ ಅವಳು ಬಂದು ರೋಗಿ ಬರೀ ಹೊಟ್ಟೆಯಲ್ಲಿದ್ದಾರೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಕನ್ನಡ ಬಂತಲ್ಲ ಎಂಬ ಹುರುಪಿನಲ್ಲಿ "ಊಟ ಆತ್ರೀ?" ಎಂದು ಕೇಳಿದಳು. ಶಿವಪ್ಪನವರು "ಆತ್ರೀ ಸಿಸ್ಟರ್, ನಿಮ್ದು?" ಎಂದರು. ಅವಳು ಓಡಿ ಹೋಗಿ ಹೇಳಿದಳು. ಅರಿವಳಿಕೆಯ ಡಾಕ್ಟರು ಇವರನ್ನು ಬಿಟ್ಟು ಮುಂದಿನವರನ್ನು ಒಳಗೆ ಕರೆದುಕೊಂಡರು. ಉಂಡಿಲ್ಲವೆಂದು ಖಾತ್ರಿಯಾದರೆ ಮಧ್ಯಾಹ್ನ ಕೊನೆಯವರಾಗಿ ಒಯ್ಯುತ್ತೇವೆ ಎಂದಿದ್ದರಂತೆ.

ನಾನು ಮಂಚದ ಬಳಿ ಹೋದೆ. "ಶಿವಪ್ಪಾರ, ಖರೇ ಹೇಳ್ರಿ. ಏನರ ತಿಂದ್ರೇನು?"

"ಇಲ್ರೀ ಅಕ್ಕಾರ. ಉಪಾಸ ಅದೀನಿ. ಉಣ್ಣಬ್ಯಾಡ ಅಂದಮ್ಯಾಲ ಹ್ಯಾಂಗ ಉಣ್ಣಲಿ?"

"ಮತ್ತ ಆ ಹುಡುಗಿಗೆ ಆತು ಅಂತ ಯಾಕ ಅಂದ್ರಿ?"

ಅವರು ನನ್ನನ್ನೇ ಆಶ್ಚರ್ಯದಿಂದ ನೋಡಿದರು. "ಊಟ ಆತೇನು ಅಂತ ಒಬ್ಬರು ಬಾಯಿ ತುಂಬ ಕೇಳಿದ್ರ ಆಗಿಲ್ಲ ಅಂತ ಹ್ಯಾಂಗ ಅನ್ನೂದ್ರೀ? ಪಾಪ, ಆಕಿ ಎಲ್ಲಿಂದ ತಂದು ನೀಡಬೇಕು?"

ನನಗೆ ಎಲ್ಲ ತಿಳಿದುಹೋಯಿತು. ನಮ್ಮ ಮನೆಯಲ್ಲೂ ಹಾಗೆಯೇ. ಹೊಟ್ಟೆ ಚುರುಗುಟ್ಟುತ್ತಿದ್ದರೂ ಯಾರಾದರೂ ಕೇಳಿದರೆ "ಆಗೇದ್ರಿ" ಅನ್ನಬೇಕು, ಇಲ್ಲವೆಂದರೆ ಬಡಿಸೆಂದು ಕೇಳಿದ ಹಾಗಾಗುತ್ತದೆ. ಇದನ್ನೆಲ್ಲ ಶೈಲಾತಾಯಿಗೆ ಬಿಡಿಸಿ ಹೇಳಿ, "ಇವರು ಉಪವಾಸ ಇದ್ದಾರೆ, ನನ್ನ ಮಾತು ನಂಬಿ," ಎಂದೆ.

ಆಕೆ ಕೈಕಟ್ಟಿ ನಿಂತಿದ್ದಳು. "ಮೊದಲು ಉಂಡಿದ್ದರು. ಈಗ ಉಂಡಿಲ್ಲ. ಎರಡರ ನಡುವೆ ನೀವು ಬಂದಿರಿ."

"ಅಂದರೆ ನಾನು ಹೇಳಿಕೊಟ್ಟೆ ಅಂತಲೇ?"

"ವಹಿನೀ, ಅವತ್ತು ಕೈಗುಣ ಅಂದಿರಲ್ಲ. ಧಡೂತಿ ಅಂದರೆ ಏನೆಂದು ವೈಶಾಲಿಗೂ ನೀವು ಸರಿಯಾಗಿ ಹೇಳಲಿಲ್ಲ. ನಮ್ಮ ಮಲಯಾಳಿ ಹುಡುಗಿಯೊಬ್ಬಳು ಅದನ್ನು ಬೆಳಗಾವಿಯ ರೋಗಿಯೊಬ್ಬರನ್ನು ಕೇಳಿಕೊಂಡು ಬಂದು ನನಗೆ ಹೇಳಿದ್ದಾಳೆ."

ನನ್ನ ಮುಖ ಬಿಸಿಯಾಯಿತು. ಇನ್ನು ನಾನು ಏನು ಹೇಳಿದರೂ ಆಕೆ ನಂಬುವಂತಿರಲಿಲ್ಲ. ಹೊತ್ತು ಹೋಗುತ್ತಿತ್ತು. ಗೌರವ್ವ ಹಿಂದಿನಿಂದ "ಏನಂತಾರ್ರೀ? ಏನಂತಾರ?" ಎಂದು ನನ್ನ ಸೆರಗು ಜಗ್ಗುತ್ತಿದ್ದಳು.

"ನನ್ನನ್ನು ನಂಬಬೇಡಿ," ಎಂದೆ. "ನಿಮ್ಮ ಹುಡುಗಿಯೇ ಹೋಗಿ ಕೇಳಲಿ. ನಾನು ಒಳಗೆ ಬರುವುದಿಲ್ಲ."

ವೈಶಾಲಿಯನ್ನು ವೆರಾಂಡಕ್ಕೆ ಕರೆದೊಯ್ದೆ. ಮಳೆಯ ಎರಚಲು ಹೊಡೆಯುತ್ತಿತ್ತು. ಅಲ್ಲೇ, ನಿಂತ ಕಾಲ ಮೇಲೆ ಒಂದು ಪಾಠ ಕಟ್ಟಿದೆ. ಹೌದು, ಇಲ್ಲ ಎಂದು ಮರ್ಯಾದೆಗೆ ಹೇಳಿ ಮುಗಿಸಬಹುದಾದ ಪ್ರಶ್ನೆಯನ್ನೇ ಕೇಳಬೇಡ ಎಂದೆ. ನಿನ್ನೆ ರಾತ್ರಿಯಿಂದ ಶುರು ಮಾಡು. "ನಿನ್ನಿ ರಾತ್ರಿ ಏನ ಉಂಡ್ರಿ?" ಆಮೇಲೆ, "ಮುಂಜಾನೆ ಎದ್ದು ಮೊದಲ ಏನ ಮಾಡಿದ್ರಿ?" ಆಮೇಲೆ, "ಆಮ್ಯಾಲ?" ಅವರು ನಿಲ್ಲಿಸಿದಾಗೆಲ್ಲ, "ಆಮ್ಯಾಲ?"

ಅವಳು ತುಟಿ ಅಲುಗಿಸುತ್ತ ಬಾಯಿಪಾಠ ಮಾಡಿದಳು. "ಅವರು ಮಾತನ್ನು ಜೋರಾಗಿ ಓಡಿಸಿದರೆ, ಕಾಕೂ?"

"'ಸಾವಕಾಶ ಹೇಳ್ರಿ' ಅನ್ನು. ಹೇಳುತ್ತಾರೆ."

ಅವಳು ಒಳಗೆ ಹೋದಳು. ನಾನೂ ಶೈಲಾತಾಯಿಯೂ ವೆರಾಂಡದಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಮಳೆ ನೋಡುತ್ತ ನಿಂತೆವು. ನನ್ನ ಮನಸ್ಸಿನಲ್ಲಿ ನಾನು ಗೆದ್ದೇ ಬಿಟ್ಟಿದ್ದೆ. ಆಕೆ ಕ್ಷಮೆ ಕೇಳಿದಾಗ ಏನು ಹೇಳಬೇಕೆಂಬುದನ್ನೂ ಯೋಚಿಸಿಟ್ಟುಕೊಂಡಿದ್ದೆ.

ವೈಶಾಲಿ ಹೊರಗೆ ಬಂದಳು. ಬೆರಳು ಮಡಚುತ್ತ ಒಪ್ಪಿಸಿದಳು. "ರಾತ್ರಿ ರೊಟ್ಟಿ, ಬ್ಯಾಳಿ. ಮುಂಜಾನೆ ಮುಖ ತೊಳೆದರು. ದೇವರಿಗೆ ಕೈ ಮುಗಿದರು. ಬಿ.ಪಿ. ಮಾತ್ರೆ ನುಂಗಿದರು. ಚಹಾ ಕುಡಿದರು."

"ಚಹಾ?" ಶೈಲಾತಾಯಿಯೂ ನಾನೂ ಒಟ್ಟಿಗೇ ಕೇಳಿದೆವು.

"ಹಾಲು ಹಾಕಿದ್ದು. ದೊಡ್ಡ ಗ್ಲಾಸು."

ಶೈಲಾತಾಯಿ ಹಣೆ ಒತ್ತಿಕೊಂಡಳು. ಹೊಟ್ಟೆಯಲ್ಲಿ ಹಾಲಿನ ಚಹಾ ಇಟ್ಟುಕೊಂಡು ಅರಿವಳಿಕೆ ತೆಗೆದುಕೊಂಡರೆ, ಎಚ್ಚರವಿಲ್ಲದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಜೀವಕ್ಕೇ ಸಂಚಕಾರ. ಇದನ್ನು ಆಕೆ ನನಗೆ ಬೈಯುವ ದನಿಯಲ್ಲಿ ಹೇಳಲಿಲ್ಲ, ಅದಕ್ಕೇ ನನಗೆ ಇನ್ನೂ ಕಷ್ಟವಾಯಿತು. ಆಕೆ ನನ್ನ ಮಾತು ನಂಬಿದ್ದರೆ ಶಿವಪ್ಪನವರನ್ನು ಆಗಲೇ ಮಧ್ಯಾಹ್ನದ ಸರದಿಗೆ ತಯಾರು ಮಾಡಲು ಶುರು ಮಾಡುತ್ತಿದ್ದರು.

ಒಳಗೆ ಗೌರವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಉಪಾಸದಾಗ ಚಹಾ ನಡೀತದಲ್ರೀ ಅಕ್ಕಾರ! ಶ್ರಾವಣ ಸೋಮವಾರದಾಗೂ ಅಪ್ಪಾ ಚಹಾ ಬಿಡೂದಿಲ್ಲ. ಬರೇ ಹೊಟ್ಟೀಲೆ ಆ ಮಾತ್ರಿ ನುಂಗಬ್ಯಾಡ ಅಂತ ಊರ ಡಾಕ್ಟರ್ ಹೇಳ್ಯಾನ. ನಾನಽ ಕ್ಯಾಂಟೀನಿಗೆ ಹೋಗಿ ತಂದು ಕುಡಸೀನಿ. ಅದರಾಗ ಏನ ತಪ್ಪ?"

ಏಕಾದಶಿಯ ದಿನ ನಮ್ಮ ಮನೆಯಲ್ಲೂ ನಾಲ್ಕು ಸಲ ಚಹಾ ಆಗುತ್ತದೆ. ಉಪವಾಸವೆಂದು ಅವರು ಅಂದಾಗ ನಾನೂ ಅದೇ ಉಪವಾಸವನ್ನು ತಿಳಿದುಕೊಂಡಿದ್ದೆ.

ಇಷ್ಟರಲ್ಲಿ ಗೌರವ್ವನ ಸಿಟ್ಟು ವೈಶಾಲಿಯ ಕಡೆ ತಿರುಗಿತು. "ನಿನಗ ಇಷ್ಟ ಕನ್ನಡ ತಿಳೀತದ ಅಂತ ಮೊದಲ ಹೇಳಬಾರದೇನವ್ವಾ? ಬರೇ ಗಿಣಿ ಹಂಗ ಊಟ ಆತ್ರೀ ಅಂತಿ, ಅಷ್ಟಽ ಬರ್ತದ ಅನ್ಕೊಂಡಿದ್ದೆ. ತಿಳೀತದ ಅಂತ ಗೊತ್ತಿದ್ರ ಚಹಾ ಕುಡಿಸಲೋ ಬ್ಯಾಡೋ ಅಂತ ನಿನ್ನಽ ಕೇಳ್ತಿದ್ದೆ. ನನಗೇನ ಅಪ್ಪನ್ನ ಕೊಲ್ಲೂ ಹೌಸಿ ಐತೇನು?"

ವೈಶಾಲಿ ಶೈಲಾತಾಯಿಯ ಕಡೆ ನೋಡಿದಳು. ಆ ನೋಟ ಸಾಕಾಗಿತ್ತು ನನಗೆ. ಕೇಳಿಸಿಕೊಳ್ಳಿ, ತಿಳಿದಂತೆ ತೋರಿಸಿಕೊಳ್ಳಬೇಡಿ ಎಂದು ಹೇಳಿಕೊಟ್ಟವರು ಯಾರೆಂದು ಗೊತ್ತಾಯಿತು.

"ಏನಂದಳು?" ಎಂದು ಶೈಲಾತಾಯಿ ಕೇಳಿದಳು. ಈ ಸಲ ನಾನು ಒಂದಕ್ಷರ ಬಿಡದೆ, ಗಿಣಿಯನ್ನೂ ಸೇರಿಸಿ, ಮರಾಠಿಯಲ್ಲಿ ಹೇಳಿದೆ. ಆಕೆ ಕೇಳಿ, ಆಪರೇಶನ್ನನ್ನು ಮರುದಿನಕ್ಕೆ ಹಾಕಿಸಲು ಹೋದಳು. ಮೊದಲನೆಯ ಸರದಿಯನ್ನೇ ಹಿಡಿದು ಬಂದಳು.

ಅಂದು ಸಂಜೆ ಇಬ್ಬರೂ ಚಾದರದ ಕೋಣೆಯ ಪಕ್ಕ ಕೂತೆವು. ನಾನು ಹಲಗೆಯ ಮೇಲಿನ ಪಾಠವನ್ನೆಲ್ಲ ಒರೆಸಿದೆ.

"ಮೊದಲ ವಾಕ್ಯ ಬದಲಾಗಬೇಕು," ಎಂದೆ. "ವಾರ್ಡಿಗೆ ಕಾಲಿಟ್ಟ ಕೂಡಲೇ ಸಿಸ್ಟರ್ ಹೇಳಬೇಕು: 'ನನಗ ಕನ್ನಡ ತಿಳೀತದ್ರಿ. ಏನಿದ್ರೂ ಕೇಳ್ರಿ.'"

"ಹೇಳಿಬಿಟ್ಟರೆ ಮುಚ್ಚಿಡುವವರು ಇನ್ನೂ ಮುಚ್ಚಿಡುತ್ತಾರೆ."

"ಈಗೇನು ಬಿಚ್ಚಿಡುತ್ತಿದ್ದಾರೆಯೇ, ತಾಯಿ? ಇಷ್ಟು ದಿನ ಕದ್ದು ಕೇಳಿಸಿಕೊಂಡಿರಲ್ಲ, ಚಹಾದ ಸುದ್ದಿ ಸಿಕ್ಕಿತೇ?"

ಆಕೆ ನನ್ನ ಕಡೆ ತಿರುಗಿದಳು. "ಮತ್ತೆ ನೀವು? ನನ್ನನ್ನು ಅವರು ಬೈದರೆ ಬೈದದ್ದನ್ನೇ ಹೇಳುತ್ತೀರೋ?"

"ಹೇಳುತ್ತೇನೆ."

"ಬರೆಯಿರಿ ಹಾಗಾದರೆ," ಎಂದಳು. ನಗಲಿಲ್ಲ. ತನ್ನ ಹುಡುಗಿಯರಿಗೆ ನಿಜವಾಗಿ ಹೇಳುತ್ತಾಳೋ ಇಲ್ಲವೋ ಎಂಬ ಅನುಮಾನ ನನಗೂ ಪೂರ್ತಿ ಹೋಗಲಿಲ್ಲ. ಆದರೂ ಬರೆದೆ. ಎರಡನೆಯ ಪಾಠ, ನಿನ್ನೆ ರಾತ್ರಿಯಿಂದ ಈ ಗಳಿಗೆಯವರೆಗೆ ಬಾಯಿಗೆ ಹೋದದ್ದನ್ನು ಒಂದೊಂದಾಗಿ ಕೇಳುವುದು. ಉಪವಾಸವೆಂದರೆ ಚಹಾ ಇಲ್ಲ, ಹಾಲಿಲ್ಲ, ಬಾಳೆಹಣ್ಣಿಲ್ಲ, ಸಾಬುದಾಣಿ ಇಲ್ಲ ಎಂದು ಹೆಸರು ಹಿಡಿದು ಹೇಳುವುದು ಮೂರನೆಯದು. "ಊಟ ಆತ್ರೀ" ಎಂಬುದನ್ನು ಒಯ್ದು ಕೊನೆಯ ಪಾಠಕ್ಕೆ ಹಾಕಿದೆ. ಅದು ರೋಗಿ ಗುಣವಾಗಿ ಮನೆಗೆ ಹೊರಟು ನಿಂತಾಗ ಕೇಳುವ ಮಾತು.

ಮರುದಿನ ನಸುಕಿನಲ್ಲಿ ವೈಶಾಲಿ ವಾರ್ಡಿಗೆ ಬಂದು ಮೊದಲ ವಾಕ್ಯ ಹೇಳಿದಳಂತೆ. ಗೌರವ್ವ ಬಿ.ಪಿ. ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಅವಳ ಮೇಜಿನ ಹತ್ತಿರ ಹೋಗಿ, ಇದನ್ನು ಏನು ಮಾಡಲಿ ಎಂದು ಕೇಳಿದಳು. ವೈಶಾಲಿ ಡಾಕ್ಟರಿಗೆ ಫೋನು ಹಚ್ಚಿದಳು. ಒಂದು ಗುಟುಕು ನೀರಿನಲ್ಲಿ ನುಂಗಿಸಲು ಹೇಳಿದರು, ನುಂಗಿಸಿದರು. ಶಿವಪ್ಪನವರನ್ನು ಮೊದಲನೆಯವರಾಗಿ ಒಳಗೆ ಒಯ್ದರು.

ಮಧ್ಯಾಹ್ನ ಗೌರವ್ವನ ಫೋನು ಬಂತು. "ಅಕ್ಕಾರ, ಅಪ್ಪಾ ಕಣ್ಣ ತಗದಾರ. ನೀರು ಕೇಳಾಕತ್ತಾರ. ಕೊಡ್ಲೇನು ಅಂತ ಸಿಸ್ಟರ್‌ನ ಕೇಳೀನಿ. ಇನ್ನಾ ಬ್ಯಾಡ ಅಂದಾಳ."

ಸಂಜೆ ವೈಶಾಲಿಯೇ ಬಂದು ಶಿವಪ್ಪನವರಿಗೆ ಎರಡು ಚಮಚ ನೀರು ಕುಡಿಸಿದಳು.